ಹತ್ತನೇ ಗುಂಡಿಯ ಕೆಮ್ಮು

ಬ್ಯಾಡಗಿಯ ನಮ್ಮ ಶಾಲೆಗೆ ಆ ಹಲಗೆ ಬಂದದ್ದು
ಮೆಣಸಿನಕಾಯಿ ಸುಗ್ಗಿ ಏರಿದ ತಿಂಗಳು.
ಪಾಟಿಗಿಂತ ತುಸು ದಪ್ಪ, ಹನ್ನೆರಡು ಗುಂಡಿ,
ಒಂದೊಂದರ ಮೇಲೂ ಒಂದೊಂದು ಚಿತ್ರ.
ಒತ್ತಿದರೆ ಮಾತು. ಅಷ್ಟೇ ಅದರ ವಿದ್ಯೆ.
ಆದರೆ ಮಾತನ್ನು ಮೊದಲು ಯಾರಾದರೂ ಹಾಕಿಡಬೇಕು,
ಹುಂಡಿಯಲ್ಲಿ ಕಾಸು ಹಾಕಿದ ಹಾಗೆ.

ಮಾಲತೇಶನಿಗೆ ನಾಲಗೆ ತಿರುಗುವುದಿಲ್ಲ,
ಬೆರಳು ಬಿಚ್ಚುವುದಿಲ್ಲ; ಬಲಗೈ ಮುಷ್ಟಿ ಮಾತ್ರ
ಹೇಳಿದಲ್ಲಿಗೆ ಹೋಗುತ್ತದೆ, ತಡವಾಗಿ.
ನಾಲ್ಕನೇ ಇಯತ್ತೆಯವರೆಗೆ ಅವನ ಉತ್ತರಗಳೆಲ್ಲ
ಕಣ್ಣಿನಲ್ಲೇ ಕೂತಿದ್ದವು.
ನಾವು ಹಾಜರಿ ಹಾಕಿ ಮುಂದೆ ಹೋಗುತ್ತಿದ್ದೆವು.

ಮೊದಲು ನನ್ನ ದನಿಯನ್ನೇ ತುಂಬಿದೆ.
'ನನಗೆ ಕುಡಿಯಲು ನೀರು ಬೇಕಾಗಿದೆ.'
ವ್ಯಾಕರಣಕ್ಕೆ ಏನೂ ಕೊರತೆಯಿಲ್ಲ.
ಅವನು ಒತ್ತಿದ. ನಲವತ್ತಾರು ವರ್ಷದ ಹೆಂಗಸೊಬ್ಬಳು
ಒಂಬತ್ತರ ಹುಡುಗನ ಎದೆಯ ಮುಂದೆ ನೀರು ಕೇಳಿದಳು.
'ಅಕ್ಕೋರು ಅದರಾಗ ಹೊಕ್ಕೊಂಡಾರಲೇ!'
ತರಗತಿ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ,
ಆಮೇಲೆ ಹಲಗೆಯನ್ನು ಮುಷ್ಟಿಯಿಂದ ಆಚೆ ದೂಡಿದ.
ಇಸ್ತ್ರಿ ಮಾಡಿಟ್ಟ ಸೀರೆಯಂಥ ನನ್ನ ಕನ್ನಡ
ಅವನ ಮೈಗೆ ಆಗುವಂಥದ್ದಲ್ಲ.

ದನಿ ಕೊಟ್ಟವನು ಪಕ್ಕದಲ್ಲಿ ಕೂರುವ ಇಮಾಮಹುಸೇನ.
ಹೊನ್ನವ್ವನ ಪಡಸಾಲೆಯಲ್ಲಿ, ಮಾರ್ಕೆಟ್ಟಿನ ದಿನ.
ಒಳಗೆ ಆಕೆ ಕಾಯಿಯ ತುಂಬು ಮುರಿಯುತ್ತ ಕೂತಿದ್ದಳು,
ಘಾಟು ಹೊಸಿಲು ದಾಟಿ ನಮ್ಮ ಗಂಟಲಿಗೆ ಬಂತು.
'ನೀರ ಕೊಡಲೇ.' ಒಂದು.
'ಕುರ್ಚಿ ನೆಳ್ಳಿಗೆ ಸರಸು.' ಎರಡು.
ಆರಕ್ಕೆ, 'ಅಳಬ್ಯಾಡಬೇ ಯವ್ವಾ'.
ಅದು ನನ್ನ ಪಟ್ಟಿಯಲ್ಲಿರಲಿಲ್ಲ.
ಹತ್ತಕ್ಕೆ 'ನನಗ ಗೊತ್ತೈತಿ' ಎಂದವನೇ ಕೆಮ್ಮಿಬಿಟ್ಟ,
ಕಣ್ಣಲ್ಲಿ ನೀರು ಬರುವ ಹಾಗೆ.
ಹಲಗೆ ಅದನ್ನೂ ನುಂಗಿತು.

ಮರುದಿನ ಮಗ್ಗಿ. ಏಳೆಂಟ್ಲೆ ಎಷ್ಟು?
ಎಲ್ಲ ಗಪ್‌ಚುಪ್. ಕಿಟಕಿಯ ಕಡೆಯಿಂದ
'ನನಗ ಗೊತ್ತೈತಿ', ಹಿಂದೆಯೇ ಕೆಮ್ಮು.
ಅಂಕಿ ಬರೆದ ರಟ್ಟು ಹಿಡಿದೆ. ಮುಷ್ಟಿ
ಐದರ ಮೇಲೆ ಬಿತ್ತು, ಜಾರಿತು, ಒಂಬತ್ತರ ಮನೆಗೆ ಹೋಗಿ
ಮರಳಿ ಬಂದು ಆರರ ಮೇಲೆ ನಿಂತಿತು.
ಅಷ್ಟು ಹೊತ್ತು ಯಾರಿಗಾದರೂ ಕಾದದ್ದು
ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಅದೇ ಮೊದಲು.

ಸೆಲ್ಲು ತೀರಿದಾಗ ಗೋಡೆ ಗಡಿಯಾರದ್ದು ಕಿತ್ತು ಹಾಕಿದೆವು.
ಅಂದಿನಿಂದ ನಮ್ಮ ಕೋಣೆಯಲ್ಲಿ ಸದಾ ಹನ್ನೊಂದೂ ಹತ್ತು.
'ಏನಿದು?' ಎಂದರು ಹೆಡ್‌ಮಾಸ್ತರರು.
'ವ್ಯಾಳೇ ಮಾತಾಡಾಕ ಹೋಗೈತ್ರಿ' ಎಂದ ಇಮಾಮಹುಸೇನ.

ತಪ್ಪು ನನ್ನದೇ. ಸಾಹೇಬರು ನೋಡಲು ಬರುತ್ತಾರೆಂದು
ಹತ್ತನೆಯದನ್ನು ಅಳಿಸಿ, ಕೆಮ್ಮಿಲ್ಲದೆ, ಚೊಕ್ಕ ತುಂಬಿಸಿದೆ.
ಮೂರು ದಿನ ಅವನು ಆ ಗುಂಡಿ ಮುಟ್ಟಲಿಲ್ಲ.
ಏನು ಕೇಳಿದರೂ ಒಂದನೆಯದು:
ನೀರ ಕೊಡಲೇ. ನೀರ ಕೊಡಲೇ.
ಸಾಹೇಬರೇ ಎದ್ದು ಹೋಗಿ ನೀರು ತಂದರು.

ಮತ್ತೆ ಅದೇ ಪಡಸಾಲೆ. ಸುಗ್ಗಿ ಇಳಿದಿತ್ತು,
ಗಾಳಿಯಲ್ಲಿ ಖಾರವಿಲ್ಲ. ಇಮಾಮಹುಸೇನನ ಕಳ್ಳಕೆಮ್ಮಿಗೆ
ಮಾಲತೇಶ ತಲೆಯಾಡಿಸಿದ: ಅಲ್ಲ. ಇದೂ ಅಲ್ಲ.
ಹೊನ್ನವ್ವ ಎದ್ದಳು. ದೃಷ್ಟಿ ತೆಗೆಯುವವಳ ಹಾಗೆ
ಒಲೆಯ ಕೆಂಡಕ್ಕೆ ಒಂದು ಚಿಟಿಕೆ ಬೀಜ ಎಸೆದಳು.
ದೃಷ್ಟಿಯಾಗಿದ್ದರೆ ಘಾಟು ಏಳುವುದಿಲ್ಲವಂತೆ.
ಎದ್ದಿತು.

ಎಲ್ಲರ ಕಣ್ಣೂ ಒರೆಸಿಯಾದ ಮೇಲೆ ಒತ್ತಿ ಕೇಳಿದೆವು.
'ನನಗ ಗೊತ್ತೈತಿ.' ಕೆಮ್ಮು.
ಅದರ ಅಡಿಯಲ್ಲಿ, ತುಸು ತಡವಾಗಿ,
ಒರಟಾದ, ತುಂಡಾದ, ಇನ್ನೊಂದು ಕೆಮ್ಮು,
ಇಮಾಮಹುಸೇನನದಲ್ಲ, ನನ್ನದಲ್ಲ.
ಹೊನ್ನವ್ವ ಮತ್ತೊಮ್ಮೆ ಒತ್ತಿಸಿದಳು. ಇನ್ನೊಮ್ಮೆ.
ಘಾಟು ಆರಿ ಬಹಳ ಹೊತ್ತಾಗಿತ್ತು,
ಆಕೆಯ ಸೆರಗು ಮಾತ್ರ ಮುಖದಿಂದ ಇಳಿಯಲಿಲ್ಲ.

ಮಾಲತೇಶನ ಮುಷ್ಟಿ
ಆರನೇ ಗುಂಡಿಯ ಕಡೆ ಹೊರಟಿತು.